ಊರಿನ ಕೊಳಚೆಯೂ ನದಿಯ ಪ್ರಾಣವಾಯುವೂ

ಗಂಗಾಮೂಲದಲ್ಲಿ ಹುಟ್ಟುವ ತುಂಗಾನದಿಯು ಶೃಂಗೇರಿಯನ್ನೂ ಕೊಪ್ಪ ತಾಲ್ಲೂಕಿನ ಹರಿಹರಪುರವನ್ನೂ ಹಾದು ಮುಂದೆ ಸಾಗುತ್ತದೆ. ಅಲ್ಲಿಯೇ ಹುಟ್ಟುವ ಭದ್ರೆಯು ಲಕ್ಕವಳ್ಳಿಯ ಅಣೆಕಟ್ಟಿನಿಂದ ತಡೆಯಲ್ಪಟ್ಟು, ನರಸಿಂಹರಾಜಪುರದ ಅಂಚಿನವರೆಗೆ ಹಿನ್ನೀರಾಗಿ ಹರಡಿದೆ. ಶೃಂಗೇರಿಯ ಸೋಪಾನಗಳ ಬಳಿ ಗುಂಪುಗುಂಪಾಗಿ ಸೇರುವ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಆದರೆ ಬಲೆಯಿಲ್ಲದೆಯೂ ಮೀನು ಸಾಯಬಹುದು. ಅದು ಹೇಗೆಂಬುದನ್ನು ವಿಚಾರಿಸೋಣ.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ಶುದ್ಧ ನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಮನೆಗಳ ಕೊಳಚೆ ನೀರಿನಲ್ಲಿರುವ ಅನ್ನದ ಗಂಜಿ, ಎಣ್ಣೆ, ಮಲ ಮೊದಲಾದುವು ಸೂಕ್ಷ್ಮಜೀವಿಗಳಿಗೆ ಆಹಾರ. ಅವನ್ನು ತಿಂದು ವೃದ್ಧಿಯಾಗುವಾಗ ಆ ಜೀವಿಗಳು ನೀರಿನ ಆಮ್ಲಜನಕವನ್ನು ವ್ಯಯಮಾಡುತ್ತವೆ. ಒಂದು ಲೀಟರ್ ಕೊಳಚೆಗೆ ಐದು ದಿನಗಳಲ್ಲಿ ಸುಮಾರು 250 ಮಿಲಿಗ್ರಾಂ ಬೇಕಾಗುತ್ತದೆಂದು ಇಟ್ಟುಕೊಳ್ಳೋಣ. ಮೀನುಗಳಿಗಾಗಿ ಲೀಟರಿಗೆ 5 ಮಿಲಿಗ್ರಾಂ ಉಳಿಸಿದರೆ, ನದಿಯು ವೆಚ್ಚಮಾಡಬಹುದಾದದ್ದು 3 ಮಿಲಿಗ್ರಾಂ ಮಾತ್ರ. ಆದ್ದರಿಂದ ಒಂದು ಲೀಟರ್ ಕೊಳಚೆಯನ್ನು ಸಹಿಸಲು ನದಿಯ ನೀರು 80 ಲೀಟರಿಗಿಂತಲೂ ಹೆಚ್ಚು ಬೇಕು!

ಬಂಡೆಗಳ ಮೇಲೆ ಧುಮುಕುವಾಗ ನದಿಯು ಗಾಳಿಯಿಂದ ಹೊಸ ಆಮ್ಲಜನಕವನ್ನು ಪಡೆಯುವುದು ನಿಜ. ನಿಂತ ಮಡುವಿನಲ್ಲಿಯೂ ಹಿನ್ನೀರಿನಲ್ಲಿಯೂ ಈ ಕ್ರಿಯೆ ಮಂದ. ಬೇಸಗೆಯಲ್ಲಂತೂ ಹರಿವು ಕ್ಷೀಣಿಸುತ್ತದೆ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ.

ಹಾಗಾದರೆ ಶುದ್ಧೀಕರಣ ಸ್ಥಾವರವು ಮಾಡುವುದೇನು? ನದಿಯು ಹಲವು ಮೈಲಿಗಳಲ್ಲಿ ಮಾಡುವ ಕೆಲಸವನ್ನು ಅದು ಕೆಲವು ತೊಟ್ಟಿಗಳಲ್ಲಿ ಮಾಡಿ ಮುಗಿಸುತ್ತದೆ. ಮೊದಲು ಸರಳುಗಳ ಜಾಲರಿ ಕಸವನ್ನು ತಡೆಯುತ್ತದೆ. ಅನಂತರ ನೀರು ನಿಶ್ಚಲವಾಗಿ ನಿಂತಾಗ ಗಸಿ ತಳಕ್ಕಿಳಿಯುತ್ತದೆ. ಸ್ಟೋಕ್ಸನ ನಿಯಮದಂತೆ, ಕಣದ ವ್ಯಾಸ ಅರ್ಧವಾದರೆ ಅದು ಇಳಿಯುವ ವೇಗ ಕಾಲುಭಾಗವಾಗುತ್ತದೆ. ಆದಕಾರಣ ಅತಿ ಸಣ್ಣ ಕಣಗಳು ತೇಲುತ್ತಲೇ ಉಳಿಯುತ್ತವೆ. ಎರಡನೆಯ ತೊಟ್ಟಿಯಲ್ಲಿ ಗಾಳಿಯನ್ನು ಊದಿದಾಗ, ಸೂಕ್ಷ್ಮಜೀವಿಗಳು ಆ ಕಲ್ಮಷವನ್ನು ತಿಂದು ಒಂದಕ್ಕೊಂದು ಅಂಟಿ ದೊಡ್ಡ ಗುಪ್ಪೆಗಳಾಗುತ್ತವೆ. ದೊಡ್ಡದಾದ ಕಾರಣ ಬೇಗನೆ ತಳಕ್ಕಿಳಿಯುತ್ತವೆ. ಈ ವಿಧಾನವನ್ನು 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರೆಂಬುದು ನಮಗೆ ಹೆಮ್ಮೆಯ ವಿಷಯ. ಹೀಗೆ ಶುದ್ಧವಾದ ನೀರಿನ ಬೇಡಿಕೆ ಲೀಟರಿಗೆ 30 ಮಿಲಿಗ್ರಾಮಿಗೆ ಇಳಿದರೆ, 80 ಲೀಟರಿನ ಬದಲು 10 ಲೀಟರ್ ನದಿನೀರು ಸಾಕು.

ಒಳಚರಂಡಿಯಿಲ್ಲದ ಸಣ್ಣ ಊರುಗಳ ಗತಿಯೇನು? ಇದಕ್ಕೆ ದೇವನಹಳ್ಳಿ ದಾರಿ ತೋರಿಸಿದೆ. ಅಲ್ಲಿ 2015ರಲ್ಲಿ ಆರಂಭವಾದ ಸ್ಥಾವರಕ್ಕೆ ಮನೆಗಳ ಶೌಚಗುಂಡಿಗಳ ಗಸಿಯನ್ನು ಟ್ಯಾಂಕರಿನಲ್ಲಿ ತರಲಾಯಿತು. ಗಸಿ ಹಾಸುಗಳ ಮೇಲೆ ಒಣಗಿ ಗೊಬ್ಬರಕ್ಕೆ ಒದಗುತ್ತದೆ. ಬಸಿದ ನೀರು ಗಿಡ ನೆಟ್ಟ ಜಲ್ಲಿಕಲ್ಲಿನ ಹಾಸಿನ ಮೂಲಕ ಸೋಸಿಹೋಗುತ್ತದೆ. ಮಲೆನಾಡಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಮಳೆಗಾಲದಲ್ಲಿ ನೆಲ ನೀರುಂಡು ತಣಿದಾಗ ಗುಂಡಿಯ ಕೊಳಚೆ ಇಂಗದೆ ಉಕ್ಕಿ ಹಳ್ಳಕ್ಕಿಳಿಯುತ್ತದೆ. ಮಳೆ ಹಿಡಿಯುವ ಮುನ್ನವೇ ಗುಂಡಿಗಳನ್ನು ಬರಿದುಮಾಡಿಸುವುದು ವಿವೇಕ.

ತುಂಗೆಯಲ್ಲಿ ಮಿಂದು ಪುನೀತರಾಗಬೇಕೆಂಬ ನಾವು, ಮೊದಲು ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ವಿಚಾರಿಸುವುದು ಒಳ್ಳೆಯದು.