ಎಂಟನೇ ನಂಬರಿನ ಕಡ್ಡಿ

ನಾನು ಹೆಣಿಗೆ ಕಲಿತದ್ದು ಅತ್ತೆಯ ಹತ್ತಿರ ಸಾಲ ಮಾಡಿ. ರೇಷನ್ ಕಾರ್ಡಿನಲ್ಲಿ ನಮ್ಮ ಮನೆಯ ಯಜಮಾನಿ ಅವರೇ, ಹಾಗಾಗಿ ಗೃಹಲಕ್ಷ್ಮಿಯ 2,000 ರೂಪಾಯಿ ಬೀಳುವುದೂ ಅವರ ಖಾತೆಗೇ. 2024ರ ದೀಪಾವಳಿ ಹೊತ್ತಿಗೆ ಒಂದು ಕಂತು ಬಂತು. ಅದರ ಮೇಲೆ ನನ್ನ ಕಣ್ಣು ಬಿತ್ತು.

ಮೊಬೈಲಿನಲ್ಲಿ ಆನ್‌ಲೈನ್ ಉಲ್ಲನ್ ಹೆಣಿಗೆ ಕ್ಲಾಸಿನ ಜಾಹೀರಾತು ಹತ್ತು ದಿನದಿಂದ ಬೆನ್ನು ಬಿದ್ದಿತ್ತು. ಬರೀ 1,499 ರೂಪಾಯಿ ಎಂದಿತ್ತು. ಕಟ್ಟಲು ಕೂತಾಗ ಶೇ 18 ಜಿಎಸ್‌ಟಿ ಸೇರಿ 1,769 ಆಯಿತು. ಅತ್ತೆಗೆ ಹೇಳಿದೆ.

‘ಕಲಿಸಾಕಿ ನಮ್ಮ ಮೋರಟಗಿಗೆ ಬರ್ತಾಳೇನ?’

‘ಇಲ್ರೀ ಅತ್ತಿ, ಮೊಬೈಲ್‌ನ್ಯಾಗ.’

‘ಮೊಬೈಲ್‌ನ್ಯಾಗ ನೋಡಾಕ ರೊಕ್ಕಾ ಯಾಕ ಬೇಕ?’

ಅಂದರೂ ಪೂರ್ತಿ ಎರಡು ಸಾವಿರ ತಂದು ಕೊಟ್ಟರು. ಕ್ಯಾಲೆಂಡರಿನ ಹಿಂಬದಿಗೆ ‘ಬರದ ಇಡು’ ಅಂದರು. ಅವರಿಗೆ ಓದಲು ಬಾರದು, ಆದರೆ ಬರೆದದ್ದು ಎಲ್ಲಿದೆ ಎಂಬುದು ಚೆನ್ನಾಗಿ ಗೊತ್ತು.

ಈ ಬಿಸಿಲೂರಲ್ಲಿ ಸ್ವೆಟರ್ ಯಾರು ಹಾಕುತ್ತಾರೆ ಎಂದು ನೀವು ಕೇಳಬಹುದು. ಡಿಸೆಂಬರಿನಲ್ಲಿ ನಸುಕಿನ ಐದಕ್ಕೆ ತೊಗರಿ ಕೊಯ್ಯಲು ಹೊಲಕ್ಕೆ ಹೊರಟವರನ್ನು ಒಮ್ಮೆ ಕೇಳಿ ನೋಡಿ.

ಮೊದಲು ಅಣ್ಣನಿಗೊಂದು ಸ್ವೆಟರ್ ಎಂದು ನಿರ್ಧಾರ ಮಾಡಿದೆ. ಉಲ್ಲನ್ ತರಲು ಸಿಂದಗಿಗೆ ಹೋದದ್ದಕ್ಕೆ ಖರ್ಚಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. 50 ಗ್ರಾಮಿನ ಉಂಡೆ 45 ರೂಪಾಯಿಯಂತೆ ಹನ್ನೆರಡು ಉಂಡೆಗೆ 540. ವಿಡಿಯೊದಲ್ಲಿ ಹೇಳಿದಂತೆ ಅಂಗಡಿಯಲ್ಲಿ ಎಂಟನೇ ನಂಬರಿನ ಕಡ್ಡಿ ಕೇಳಿ ತಂದೆ. ರಾತ್ರಿ ರೊಟ್ಟಿ ಬಡಿದು, ಭಾಂಡೆ ತಿಕ್ಕಿ, ಎಲ್ಲರೂ ಮಲಗಿದ ಮೇಲೆ ಹೆಣೆಯುವುದು. ಹೀಗೆ ಎರಡು ತಿಂಗಳು. ಸಂಕ್ರಾಂತಿಗೆ ಅಣ್ಣ ಬಂದ, ಹಾಕಿಕೊಂಡ. ಸ್ವೆಟರ್ ಅವನ ಎದೆಗೆ ಬಂದು ನಿಂತುಬಿಟ್ಟಿತು, ಕೆಳಗಿಳಿಯಲಿಲ್ಲ. ಅವನ ಹತ್ತನೇ ಇಯತ್ತೆಯ ಮಗನಿಗೆ ಮಾತ್ರ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

ಎಲ್ಲಿ ತಪ್ಪಿತು ಎಂದು ಹುಡುಕಲು ನನಗೆ ಒಂದು ವಾರ ಹಿಡಿಯಿತು. ವಿಡಿಯೊದವರು ಹೇಳಿದ ಎಂಟು ಅಮೆರಿಕದ ಎಂಟು. ಅದರ ದಪ್ಪ 5 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಇಂದಿಗೂ ನಡೆಯುವುದು ಬ್ರಿಟಿಷರ ಹಳೆಯ ಲೆಕ್ಕ. ಅದರಲ್ಲಿ ಎಂಟೆಂದರೆ 4 ಮಿಲಿಮೀಟರ್. ಅಮೆರಿಕದಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪ, ನಮ್ಮಲ್ಲಿ ನಂಬರ್ ಏರಿದಂತೆ ತೆಳು. ನನಗೆ ಬೇಕಿದ್ದದ್ದು ನಮ್ಮ ಲೆಕ್ಕದ ಆರು. ಹತ್ತು ಸೆಂಟಿಮೀಟರಿಗೆ ಹದಿನಾರು ಕುಣಿಕೆ ಕೂಡಬೇಕಾದಲ್ಲಿ ನನ್ನ ಹೆಣಿಗೆಯಲ್ಲಿ ಇಪ್ಪತ್ತು ಕೂತಿದ್ದವು. 160 ಕುಣಿಕೆಗೆ ನೂರು ಸೆಂಟಿಮೀಟರ್ ಆಗಬೇಕಾದ ಎದೆಸುತ್ತು ಎಂಬತ್ತಕ್ಕೆ ಮುಗಿದಿತ್ತು. ಕ್ರೋಶಾದಲ್ಲೂ ಇಂಥದ್ದೇ ಗೊಂದಲವಿದೆ. ಅಮೆರಿಕದವರು ಸಿಂಗಲ್ ಎನ್ನುವ ಹೊಲಿಗೆಯನ್ನೇ ಬ್ರಿಟನ್ನಿನವರು ಡಬಲ್ ಎನ್ನುತ್ತಾರೆ.

ಮೊದಲು ಅಂಗೈಯಗಲದ ಒಂದು ತುಂಡು ಹೆಣೆದು, ಸ್ಕೇಲ್ ಇಟ್ಟು ಕುಣಿಕೆ ಎಣಿಸಿ ಎಂದು ಎರಡನೇ ಪಾಠದಲ್ಲೇ ಹೇಳಿದ್ದರು. ಹತ್ತು ಗ್ರಾಂ ದಾರ, ಅಂದರೆ ಒಂಬತ್ತು ರೂಪಾಯಿ. ಅದನ್ನು ಉಳಿಸಲು ಹೋಗಿ ಎರಡು ತಿಂಗಳ ರಾತ್ರಿ ಕಳೆದುಕೊಂಡೆ. ಪುಣ್ಯಕ್ಕೆ ಉಲ್ಲನ್ ಬಟ್ಟೆಯಂತಲ್ಲ. ಬಟ್ಟೆಗೆ ಒಮ್ಮೆ ಕತ್ತರಿ ಬಿದ್ದರೆ ಮುಗಿಯಿತು, ಹೆಣಿಗೆಯನ್ನು ಬಿಚ್ಚಿ ಮತ್ತೆ ಉಂಡೆ ಸುತ್ತಬಹುದು. ಆದರೆ ಅಣ್ಣನ ಮಗ ಬಿಚ್ಚಲು ಬಿಡಲಿಲ್ಲ, ಹಾಕಿಕೊಂಡೇ ಬಸ್ಸು ಹತ್ತಿದ.

ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆ. ಫೀಸು ಕಟ್ಟುವಾಗ ‘ಡಿಸೈನ್ ಸಂಗ್ರಹ ಮೊದಲ ತಿಂಗಳು ಉಚಿತ’ ಎಂದಿದ್ದಕ್ಕೆ ಒಪ್ಪಿ ಯುಪಿಐ ಪಿನ್ ಒತ್ತಿದ್ದೆ. ಎರಡನೇ ತಿಂಗಳಿಂದ 299 ರೂಪಾಯಿ ತಾನಾಗಿಯೇ ಹೋಗತೊಡಗಿತು. ನನಗೆ ಗೊತ್ತಾಗುವಷ್ಟರಲ್ಲಿ ಏಳು ತಿಂಗಳು, 2,093 ರೂಪಾಯಿ. ಕಲಿತ ಪಾಠಕ್ಕಿಂತ ಕಣ್ಣೆತ್ತಿಯೂ ನೋಡದ ಡಿಸೈನಿಗೇ ಹೆಚ್ಚು ಕೊಟ್ಟಿದ್ದೆ. ಹೀಗೆ ಹಣ ಕಡಿಯುವುದಕ್ಕೆ 24 ಗಂಟೆ ಮೊದಲು ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ತಿಳಿಸಿಯೂ ಇದ್ದರು. ರೀಚಾರ್ಜ್ ಮೆಸೇಜುಗಳ ರಾಶಿಯಲ್ಲಿ ಇಂಗ್ಲಿಷಿನ ಎರಡು ಸಾಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಣ್ಣ ಮೊತ್ತಕ್ಕೆ ಪ್ರತಿ ಸಲ ಪಿನ್ ಕೇಳುವುದಿಲ್ಲ. ಯುಪಿಐ ಆ್ಯಪಿನಲ್ಲಿ ಆಟೊಪೇ ಎಂಬ ಜಾಗವಿದೆ, ಅಲ್ಲಿ ಹೋಗಿ ರದ್ದು ಮಾಡಿದೆ. ನೀವೂ ಈಗಲೇ ಒಮ್ಮೆ ತೆಗೆದು ನೋಡಿ, ಅಂಕಣ ಆಮೇಲೆ ಓದಿದರಾಯಿತು.

‘ಜೀವನಪೂರ್ತಿ ನೋಡಬಹುದು’ ಎಂಬ ಮಾತನ್ನೂ ನಾನೀಗ ಅಷ್ಟಾಗಿ ನಂಬುವುದಿಲ್ಲ. 2011ರಲ್ಲಿ ಅಮೆರಿಕದಲ್ಲಿ ಶುರುವಾದ ಕ್ರಾಫ್ಟ್ಸಿ ಹೆಣಿಗೆ-ಹೊಲಿಗೆಯ ಆನ್‌ಲೈನ್ ಪಾಠಗಳಿಗೆ ಹೆಸರಾಗಿತ್ತು. ಮುಂದೆ ಬ್ಲೂಪ್ರಿಂಟ್ ಎಂದು ಹೆಸರು ಬದಲಿಸಿಕೊಂಡು, 2020ರಲ್ಲಿ ಮುಚ್ಚುತ್ತೇವೆ ಎಂದು ಹೇಳಿತು. ಇನ್ನೊಂದು ಕಂಪನಿ ಕೊಂಡದ್ದರಿಂದ ಉಳಿಯಿತು. ಜೀವನಪೂರ್ತಿ ಅಂದರೆ ಯಾರ ಜೀವನ ಎಂದು ಕೇಳಿಕೊಳ್ಳಬೇಕು.

ಗಳಿಕೆಗೆ ಬರೋಣ. ಓಣಿಯಲ್ಲೊಬ್ಬರು ಮೊಮ್ಮಗುವಿಗೆ ಸ್ವೆಟರ್, ಟೊಪ್ಪಿಗೆ, ಕಾಲುಚೀಲದ ಜೋಡಿ ಮಾಡಿಸಿ 450 ಕೊಟ್ಟರು. ಉಲ್ಲನ್, ಗುಂಡಿ ಸೇರಿ 150 ಖರ್ಚು. ಮುನ್ನೂರು ಉಳಿಯಿತು ಎಂದು ಹಿಗ್ಗಿದೆ. ಹಿಡಿದ ಹೊತ್ತು 22 ಗಂಟೆ, ಅಂದರೆ ಗಂಟೆಗೆ 13 ರೂಪಾಯಿ ಚಿಲ್ಲರೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ, ಎಂಟು ತಾಸಿಗೆ ಹಂಚಿದರೆ ತಾಸಿಗೆ 46. ಬದು ಹಾಕಲು ಹೋಗಿದ್ದರೆ ಮೂರು ಪಟ್ಟು ಸಿಗುತ್ತಿತ್ತು.

ಇದನ್ನು ಅತ್ತೆ ಲೆಕ್ಕ ಹಾಕದೆಯೇ ಹೇಳಿದರು. ಅವರು ಕೌದಿ ಹೊಲಿಯುತ್ತಾರೆ. ಹಳೆ ಸೀರೆ ಹೊಲಿಸುವವರದೇ, ಇವರದು ಸೂಜಿ ದಾರ ಮಾತ್ರ. ಕೂಲಿ ಮೊದಲೇ ಗೊತ್ತು ಮಾಡಿ, ಸಂಚಕಾರ ಸೆರಗಿನ ಗಂಟಿಗೆ ಬಿದ್ದ ಮೇಲೆಯೇ ಸೂಜಿಗೆ ದಾರ. ‘ದೊಡ್ಡದು ಮಾಡಬ್ಯಾಡ, ಕುಲಾಯಿ ಮಾಡು’ ಅಂದರು.

ಕೂಸಿನ ಕುಲಾಯಿಗೆ ಎರಡೂವರೆ ತಾಸು, 40 ಗ್ರಾಂ ದಾರ. 36 ರೂಪಾಯಿ ಖರ್ಚು, 150 ಬೆಲೆ, ತಾಸಿಗೆ 45ರ ಮೇಲೆ. ಇದನ್ನು ಕಲಿತದ್ದು ಪುಕ್ಕಟೆಯ ಒಂದು ಹಿಂದಿ ವಿಡಿಯೊದಿಂದ. ಅಳತೆಯ ವಿದ್ಯೆ ಅತ್ತೆಯದು: ಕೂಸಿನ ತಲೆಸುತ್ತ ದಾರ ಹಿಡಿದು ಗಂಟು ಹಾಕಿ ಕಳಿಸಬೇಕು. ಈಗ ತೊಟ್ಟಿಲ ಕಾರ್ಯ ಇಟ್ಟುಕೊಂಡವರು ಗಂಟು ಹಾಕಿದ ದಾರ, ಐವತ್ತರ ಒಂದು ನೋಟು ಎರಡನ್ನೂ ಕೂಡಿಯೇ ತರುತ್ತಾರೆ.

ಈ ಚಳಿಗಾಲದಲ್ಲಿ ಹನ್ನೊಂದು ಕುಲಾಯಿ ಹೋದವು. ಖರ್ಚು ಕಳೆದು 1,254 ರೂಪಾಯಿ. ಸ್ವೆಟರಿನ ಮುನ್ನೂರರ ಪೈಕಿ ಸ್ವಲ್ಪ ಸೇರಿಸಿ ಅತ್ತೆಗೆ 1,400 ಮುಟ್ಟಿಸಿದೆ. ಕ್ಯಾಲೆಂಡರ್ ಹಿಂದೆ ಇನ್ನೂ ಆರು ನೂರು ಉಳಿದಿದೆ. ಬಾಕಿಯ ಬದಲು ಅವರಿಗೊಂದು ಟೊಪ್ಪಿಗೆ ಹೆಣೆದು ಕೊಡಲೇ ಎಂದು ಮೊನ್ನೆ ಕೇಳಿ ನೋಡಿದೆ.

‘ನನ್ನ ತಲಿಗೆ ಸೆರಗ ಐತಿ’ ಅಂದರು. ‘ರೊಕ್ಕಾ ಕೊಡು.’