ಜೆಮ್: ಸರ್ಕಾರಕ್ಕೆ ಸೇವೆ ಮಾರುವ ಮಾರುಕಟ್ಟೆ

ಗವರ್ನಮೆಂಟ್ ಇ-ಮಾರ್ಕೆಟ್‌ಪ್ಲೇಸ್ (ಜೆಮ್) 2016ರ ಆಗಸ್ಟ್ 9ರಂದು ಆರಂಭವಾಯಿತು. ಇದು ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಅಧೀನದಲ್ಲಿದೆ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಹಲವರು ಹಣಕಾಸು ಸಚಿವಾಲಯವೆಂದು ಗುರುತಿಸಿ ಅಂಕ ಕಳೆದುಕೊಳ್ಳುತ್ತಾರೆ. ಗೊಂದಲಕ್ಕೆ ಕಾರಣವಿದೆ: ಜೆಮ್‌ನಲ್ಲಿ ಲಭ್ಯವಿರುವ ಸರಕು-ಸೇವೆಗಳನ್ನು ಕೇಂದ್ರದ ಇಲಾಖೆಗಳು ಅಲ್ಲಿಯೇ ಖರೀದಿಸಬೇಕೆನ್ನುವ 149ನೇ ನಿಯಮ ಇರುವುದು 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ.

ಜೆಮ್ ಎಂದರೆ ಕುರ್ಚಿ, ಕಂಪ್ಯೂಟರ್ ಮಾತ್ರವಲ್ಲ. ಭದ್ರತಾ ಸಿಬ್ಬಂದಿ, ಕಚೇರಿ ಸ್ವಚ್ಛತೆ, ಬಾಡಿಗೆ ವಾಹನ, ಹೊರಗುತ್ತಿಗೆ ನೌಕರರು ಇವೆಲ್ಲ ಸೇವಾ ವಿಭಾಗದಲ್ಲಿ ಬರುತ್ತವೆ. ಸರಕನ್ನು ತೂಗಿ, ಎಣಿಸಿ ಒಪ್ಪಿಕೊಳ್ಳಬಹುದು. ಸೇವೆಯನ್ನು ಹಾಗೆ ಅಳೆಯಲಾಗದು. ಅದಕ್ಕಾಗಿಯೇ ಸೇವಾ ಮಟ್ಟದ ಒಪ್ಪಂದವಿದೆ. ಕೆಲಸದ ಗುಣಮಟ್ಟ, ಅವಧಿ, ತಪ್ಪಿದರೆ ದಂಡ ಎಲ್ಲವೂ ಅದರಲ್ಲೇ. ಬಿಡ್ ಹಾಕುವವರು ದರಕ್ಕಿಂತ ಮೊದಲು ಓದಬೇಕಾದ್ದು ಇದನ್ನೇ. ಬಿಡ್ಡಿಂಗ್ ಜತೆಗೆ, ಮಾರಾಟಗಾರರು ದರ ಇಳಿಸುತ್ತಾ ಹೋಗುವ ರಿವರ್ಸ್ ಹರಾಜೂ ಇದೆ.

ಸಣ್ಣ ಉದ್ಯಮಿಗಳಿಗೆ ನಿಜವಾದ ಬಲ 2012ರ ಖರೀದಿ ನೀತಿ. ಕೇಂದ್ರದ ವಾರ್ಷಿಕ ಖರೀದಿಯಲ್ಲಿ ಶೇ 25 ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದಲೇ ಆಗಬೇಕು. ಅದರೊಳಗೆ ಪರಿಶಿಷ್ಟ ಜಾತಿ-ಪಂಗಡದ ಉದ್ಯಮಿಗಳಿಗೆ ಶೇ 4, ಮಹಿಳೆಯರಿಗೆ ಶೇ 3.

ಜೆಮ್ ಬಂದ ಮೇಲೆ, ಕೇಂದ್ರದ ಖರೀದಿ ನೋಡಿಕೊಳ್ಳುತ್ತಿದ್ದ ಹಳೆಯ ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯವನ್ನು 2017ರ ಅಕ್ಟೋಬರ್ 31ರಂದು ಮುಚ್ಚಲಾಯಿತು.