ಹೊಸ ಹಗ್ಗವನ್ನು ತಂದ ದಿನವೇ ಕಟ್ಟಬೇಡಿ

ಹಲಸೂರಿನ ಹಳೇ ಗಲ್ಲಿಗಳಲ್ಲಿ, ಕೆ.ಆರ್. ಪುರದ ಆಸುಪಾಸಿನಲ್ಲಿ ಹಸು ಸಾಕುವವರು ಈಗಲೂ ಇದ್ದಾರೆ. ಕರುವಿಗೆಂದು ಶಿವಾಜಿನಗರದ ಅಂಗಡಿಯಿಂದಲೋ ಸಂತೆಯಿಂದಲೋ ಸೆಣಬಿನ ಹಗ್ಗ ತಂದರೆ, ದಯವಿಟ್ಟು ಅದನ್ನು ಮೊದಲು ಪಳಗಿಸಿ.

ಎರಡೂ ತುದಿಗೆ ನೂಲು ಬಿಗಿಯಾಗಿ ಸುತ್ತಿ. ಇಲ್ಲದಿದ್ದರೆ ನೆನೆಸಿದಾಗ ಹುರಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಬಿಸಿನೀರಲ್ಲಿ ನೆನೆಹಾಕಿ, ಕೈಯಲ್ಲಿ ಉಜ್ಜಿ ತೊಳೆಯಿರಿ. ನಾರು ಮೆದುವಾಗಲೆಂದು ಗಿರಣಿಯಲ್ಲಿ ಸೆಣಬಿಗೆ ಎಣ್ಣೆ-ನೀರು ಸಿಂಪಡಿಸಿರುತ್ತಾರೆ. ಸೀಮೆಎಣ್ಣೆಯಂಥ ವಾಸನೆ ಅದರದ್ದೇ. ತೊಳೆದ ಹಗ್ಗವನ್ನು ಎರಡು ಕಂಬಗಳ ನಡುವೆ ಎಳೆದು ಕಟ್ಟಿ, ಮಧ್ಯೆ ಇಟ್ಟಿಗೆಯೊಂದನ್ನು ತೂಗುಬಿಟ್ಟು, ಗಾಳಿಯಾಡುವ ನೆರಳಲ್ಲಿ ಪೂರ್ತಿ ಒಣಗಿಸಿ. ಒದ್ದೆಯಾದ ನಾರು ಉಬ್ಬಿ ಹಗ್ಗ ಕುಗ್ಗುತ್ತದೆ. ಹೀಗೆ ಎಳೆದಿಟ್ಟರೆ ನೇರವಾಗಿ ಒಣಗಿ, ಗಂಟು ಸಲೀಸಾಗಿ ಕೂರುತ್ತದೆ, ಬಿಚ್ಚಲೂ ಬರುತ್ತದೆ.

ಚುಚ್ಚುವ ಎಳೆಗಳನ್ನು ತೆಗೆಯಲು ಹಗ್ಗವನ್ನು ಒಲೆಯ ಉರಿಯ ಮೇಲೆ ಮೊಳ ಮೊಳವಾಗಿ, ಎಲ್ಲೂ ನಿಲ್ಲಿಸದೆ ಹಾಯಿಸಿ. ಚಿಟಚಿಟನೆ ಎಳೆಗಳಷ್ಟೇ ಸುಡಬೇಕು. ಪಕ್ಕದಲ್ಲೊಂದು ಬಕೆಟ್ ನೀರಿರಲಿ. ಎಣ್ಣೆ ಹಚ್ಚುವುದು ಇದಾದ ಮೇಲೆಯೇ, ಅಪ್ಪಿತಪ್ಪಿಯೂ ಮೊದಲಲ್ಲ. ಬಟ್ಟೆಗೆ ಒಂದೆರಡು ಹನಿ ಹರಳೆಣ್ಣೆ ಸವರಿಕೊಂಡು ಒರೆಸಿದರೆ ಸಾಕು. ಹೆಚ್ಚಾದರೆ ಧೂಳೆಲ್ಲ ಅಂಟುತ್ತದೆ.

ಹತ್ತಿಯ ಹಗ್ಗಕ್ಕೆ ಉರಿ ತೋರಿಸಲೇಬೇಡಿ, ತೊಳೆದು ಒಣಗಿಸಿದರೆ ಆಯಿತು. ತೆಂಗಿನ ನಾರಿನ ಹಗ್ಗ ನೀರಿಗೆ ಚೆನ್ನಾಗಿ ಬಾಳುತ್ತದೆ, ಆದರೆ ಎಷ್ಟು ಪಳಗಿಸಿದರೂ ಒರಟೇ. ಅದು ಕರುವಿನ ಕೊರಳಿಗೆ ಬೇಡ, ಚರ್ಮ ತರಚಿ ಹುಣ್ಣಾಗುತ್ತದೆ. ಯಾವ ಹಗ್ಗವೇ ಆಗಲಿ, ಕೊರಳಿಗೆ ಜಾರುಗಂಟು ಹಾಕಬೇಡಿ. ಎರಡು ಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಲಿ. ಕರು ಬೆಳೆದಂತೆಲ್ಲ ಆಗಾಗ ಬೆರಳಿಟ್ಟು ನೋಡುತ್ತಿರಿ.